ಬೈರಕೂರಿನ ಪಾಲಿಹೌಸಿನಲ್ಲಿ ಐವತ್ತೆರಡು ಡಿಗ್ರಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಇಂದಿನ ಸನ್ಮಾನಕ್ಕೆ ಪಾತ್ರರಾಗಿರುವ ನಮ್ಮ ಆಶಾ ಕಾರ್ಯಕರ್ತೆ ಮುನಿಗಂಗಮ್ಮನವರೇ, ಈ ಬಿಸಿಲಲ್ಲೂ ಬಂದು ಕುಳಿತಿರುವ ಬೈರಕೂರಿನ ಸಭಿಕರೇ,

ಅಶ್ವತ್ಥಪ್ಪನವರು ಎರಡು ಮಾತಾಡಬೇಕು ಎಂದು ನಿರೂಪಕರು ಹೇಳಿದರು. ಮೈಕು ಸಿಕ್ಕ ಮೇಲೆ ಎರಡು ಮಾತಿಗೆ ನಿಲ್ಲಿಸಿದವರನ್ನು ನಾನಂತೂ ಕಂಡಿಲ್ಲ. ಆದರೂ ಪ್ರಯತ್ನಿಸುತ್ತೇನೆ.

ಹೋದ ಏಪ್ರಿಲ್‌ನಲ್ಲಿ ನನ್ನ ಮಗಳು ಶಿವಾನಿ ಭೂಮಿಯ ಮೇಲಿನ ಅತಿ ಬಿಸಿಯಾದ ಜಾಗಗಳ ಬಗ್ಗೆ ಗಟ್ಟಿಯಾಗಿ ಓದುತ್ತಿದ್ದಳು. ಅಮೆರಿಕದ ಡೆತ್ ವ್ಯಾಲಿ, ಇರಾನಿನ ಲೂಟ್ ಮರುಭೂಮಿ, ಇಥಿಯೋಪಿಯಾದ ಡನಾಕಿಲ್. ಅಂಥ ಕಡೆ ಮನುಷ್ಯರು ಯಾಕಮ್ಮ ಹೋಗುತ್ತಾರೆ ಎಂದು ನಾನು ನಕ್ಕೆ. ಆಗಲೇ, ಕ್ಯಾಪ್ಸಿಕಂ ಬೆಳೆಯಲು ಪ್ಲಾಸ್ಟಿಕ್ ಹೊದಿಸಿ ಕಟ್ಟಿದ ನನ್ನ ಪಾಲಿಹೌಸಿನ ಥರ್ಮಾಮೀಟರು ಮಧ್ಯಾಹ್ನ ನಲವತ್ತೈದು ತೋರಿಸುತ್ತಿತ್ತು. ದಿನಾ ನೋಡುತ್ತಿದ್ದೆ. ಕಾವಿಗೆ ಹೂವು ಉದುರುತ್ತದಲ್ಲ, ಅದಕ್ಕೆ ನೋಡುತ್ತಿದ್ದೆ. ಒಳಗೆ ದುಡಿಯುವವರಿಗಾಗಿ ಒಮ್ಮೆಯಾದರೂ ನೋಡಿದ್ದೆನೇ?

ಅದೇ ತಿಂಗಳ ಒಂದು ಭಾನುವಾರ ಗಿಡಗಳಿಗೆ ದಾರ ಕಟ್ಟಲು, ನಮ್ಮಲ್ಲಿ ಕೂಲಿಗೆ ಬರುವ ಬೈರಮ್ಮ ಒಬ್ಬರೇ ಬಂದಿದ್ದರು. ಬಿಸಿಗಾಳಿ ಎಂದು ಪಕ್ಕದ ಪರದೆಗಳನ್ನು ಇಳಿಸಿದೆ. ಮೇಕೆ ನುಗ್ಗದಿರಲೆಂದು ಹೊರಗಿನಿಂದ ಚಿಲಕ ಹಾಕಿ ಶೆಡ್ಡಿಗೆ ಊಟಕ್ಕೆ ಹೋದೆ. ಅರ್ಧ ಗಂಟೆ. ಹೆಚ್ಚೆಂದರೆ ಮುಕ್ಕಾಲು. ಒಂದು ಗಂಟೆ ಎಂದೇ ಇಟ್ಟುಕೊಳ್ಳಿ.

ಬಾಣಂತಿಯೊಬ್ಬರನ್ನು ನೋಡಿಕೊಂಡು ಅದೇ ದಾರಿಯಲ್ಲಿ ಬಂದ ಮುನಿಗಂಗಮ್ಮನವರಿಗೆ, ಪ್ಲಾಸ್ಟಿಕ್ಕಿಗೆ ಒಳಗಿನಿಂದ ಒತ್ತಿಕೊಂಡಿದ್ದ ಕೈಯೊಂದು ಕಂಡಿತು. ಚಿಲಕ ತೆಗೆದು ನನ್ನನ್ನು ಕರೆದರು. ಓಡಿದೆ. ಬೈರಮ್ಮ ಬಾಗಿಲ ಪಕ್ಕದಲ್ಲೇ ಬಿದ್ದಿದ್ದರು. ಕಣ್ಣು ತೆರೆದಿತ್ತು, ನಮ್ಮನ್ನು ನೋಡುತ್ತಿರಲಿಲ್ಲ. ಹಣೆ ಮುಟ್ಟಿದರೆ ಸುಡುತ್ತಿತ್ತು; ಒಂದು ಹನಿ ಬೆವರಿಲ್ಲ. ನಾನು ಗಾಬರಿಯಲ್ಲಿ ಬಾಯಿಗೆ ನೀರು ಹಾಕಲು ಹೋದಾಗ ಮುನಿಗಂಗಮ್ಮನವರು ಚೊಂಬು ಕಿತ್ತುಕೊಂಡರು.

"ಜ್ಞಾನ ಇಲ್ದೋರ ಬಾಯಿಗೆ ಹಾಕ್ಬೇಡಿ, ಉಸಿರು ಕಟ್ತದೆ. ಮೊದ್ಲು ನೆರಳಿಗೆ ಎತ್ತಿ. ನೀರು ಮೈಮೇಲೆ ಸುರೀರಿ."

ಹೊಂಗೆ ಮರದ ಕೆಳಗೆ ಮಲಗಿಸಿದೆವು. ತೊಟ್ಟಿಯ ನೀರು, ನೆನೆಸಿದ ಗೋಣಿಚೀಲ, ಬೀಸಲು ಒಂದು ರಟ್ಟು. ಆಂಬುಲೆನ್ಸ್ ಬರುವವರೆಗೂ ಮುನಿಗಂಗಮ್ಮನವರ ಕೈ ನಿಲ್ಲಲಿಲ್ಲ. ಆಮೇಲೆ ಒಳಗೆ ಹೋಗಿ ಥರ್ಮಾಮೀಟರು ನೋಡಿದೆ, ಐವತ್ತೆರಡು ಡಿಗ್ರಿ.

ಮುಳಬಾಗಿಲಿನ ಆಸ್ಪತ್ರೆಯಿಂದ ಕೋಲಾರದ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಹನ್ನೊಂದನೆಯ ದಿನ ಬೈರಮ್ಮ ಮನೆಗೆ ಬಂದರು. ಚಿಲಕ ಕಿತ್ತು ಹಾಕಿದ್ದೇನೆ. ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಆದರೂ ಬಿಸಿಲೇರಿದರೆ ನನಗೆ ಭಯ. ಪ್ಲಾಸ್ಟಿಕ್ಕಿನ ಮೇಲೆ ಎಲೆ ಬಿದ್ದರೂ ಕೈಯಂತೆ ಕಾಣುತ್ತದೆ. ಈ ವರ್ಷ ಬಿಸಿಲು ಮಾರ್ಚ್‌ನಲ್ಲೇ ಬಂದಿದೆ. ಮುಂದಿನ ವರ್ಷ?

ಬೈರಮ್ಮನವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಅವರಿಗೆ ಆ ದಿನದ ನೆನಪಿಲ್ಲ. ನೋಡಲು ಹೋದಾಗ ಒಂದೇ ಮಾತು ಕೇಳಿದ್ದರು.

"ನಾನು ಕೂಗ್ಲಿಲ್ವೇನಣ್ಣಾ?"

ಇಲ್ಲಮ್ಮ ಎಂದಿದ್ದೆ.

ಕೂಗಿದ್ದಿರಿ, ಬೈರಮ್ಮನವರೇ. ಎರಡು ಸಲ. ನನಗೆ ಕೇಳಿಸಿತ್ತು. ಬೇಗ ಮನೆಗೆ ಹೋಗಲು ಕೇಳುತ್ತಿದ್ದೀರಿ ಎಂದುಕೊಂಡು, ಮುದ್ದೆಗೆ ಇನ್ನೊಂದು ಸೌಟು ಸಾರು ಹಾಕಿಕೊಂಡೆ.

ಇದನ್ನು ಹೇಳಲೆಂದು ನಾನು ಬಂದಿರಲಿಲ್ಲ. ಅಧ್ಯಕ್ಷರು ಕ್ಷಮಿಸಬೇಕು. ಮುನಿಗಂಗಮ್ಮನವರಿಗೆ ಶಾಲು ಹೊದಿಸಲು ನನ್ನ ಹೆಸರು ಬರೆದಿದ್ದೀರಿ. ಅದನ್ನು ಬೈರಮ್ಮನವರೇ ಹೊದಿಸಲಿ. ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ನಮಸ್ಕಾರ.