ಎರಡು ವಾಯರ್ ಅದಲಿ ಬದಲಿ

...ಏ, ಬ್ಯಾಡ ಬ್ಯಾಡ, ಕುರ್ಚಿ ಆ ಕಡೆ ಇಡು. ನಾ ಕೂಡಾಕ ಬಂದಿಲ್ಲ. ನೀ ಮೊದಲ ಗಾಡಿ ಬಿಚ್ಚು. ಶಲವಡಿಯಿಂದ ಅಣ್ಣಿಗೇರಿ ತನಕಾ ಟಂಟಂ ಆಟೋದಾಗ ಹೇರ್ಕೊಂಡು ಬಂದೇನಿ. ಹಾದ್ಯಾಗ ಕಂಡಾವರೆಲ್ಲಾ ಕೇಳಾವರಽ: "ಗುಡದಪ್ಪಣ್ಣಾ, ಏನಾತು? ಮೋಟರ್ ಮಾಸ್ತರ ಮನಿ ಗಾಡೀನಽ ಕೆಟ್ಟು ಹೋತೇನು?" ಕೇಳೂದು, ಆಮ್ಯಾಲ ಹಲ್ಲ ಕಿಸಿಯೂದು! ಮನಿ ಕೆಲಸಿಲ್ಲ ಮಂದೀಗೆ.

ಹಂಗ್ಯಾಕ ನೋಡ್ತಿ ಕಾಸೀಮಾ? ಗಾಡಿ ನಂದಲ್ಲ. ಸೊಸೀದು, ನೇತ್ರಾಂದು. ದಿನಾ ಸಾಲಿ ಕಲಿಸಾಕ ಹೋಗ್ತಾಳಲ್ಲ, ಅದರ ಸಲವಾಗಿ ತಗೊಂಡಾಳ. ಬ್ಯಾಟರಿ ಗಾಡಿಯಂತ, ಬ್ಯಾಟರಿ ಗಾಡಿ! ಹೊಗಿ ಇಲ್ಲ, ಎಣ್ಣಿ ಇಲ್ಲ, ಸಪ್ಪಳ ಮೊದಲಽ ಇಲ್ಲ. ಸಪ್ಪಳ ಮಾಡದ್ದು ಯಂತ್ರ ಏನ್ಲೇ? ನಾ ಕಟ್ಟಿದ ಪಂಪಿನ ಮೋಟರ್ ಚಾಲೂ ಆದ್ರ ನಾಕ ಹೊಲದಾಚೆ ಮಂದಿ ಹೇಳ್ತಿದ್ರು, ಇದು ಗುಡದಪ್ಪನ ಕೈದು ಅಂತ.

ಮೂವತ್ತ ವರ್ಷಲೇ! ಮೂವತ್ತ ವರ್ಷ ಮೋಟರ್ ಕಟ್ಟೇನಿ. ನಿನಗ ಇಕ್ಕಳಾ ಹಿಡಿಯಾಕ ಕಲಿಸಿದಾಂವ ಯಾರು? ನಾನು. ತಪ್ಪಿದಾಗ ತಲೀಗೆ ಮೊಟಕಿದಾಂವ ಯಾರು? ಅದೂ ನಾನಽ. ಈಗ ನೋಡು ಇವನ ಬೋರ್ಡು! ಎಲೆಕ್ಟ್ರಿಕ್ ಗಾಡಿ ಸ್ಪೆಷಲಿಸ್ಟ್! ಮ್ಯಾಲ ಲೈಟಿನ ಸರಾ ಬ್ಯಾರೆ. ಗುರುವಿನ ಹೆಸರು ಒಂದು ಮೂಲ್ಯಾಗರ ಹಾಕಿದ್ದೀಯೇನು? ಹಾಕಬ್ಯಾಡ ಬಿಡು. ಇಂಥಾ ಬೋರ್ಡಿನ್ಯಾಗ ನನ್ನ ಹೆಸರು ಬಂದಿದ್ರ ನಾನಽ ಬಂದು ಒರಸ್ತಿದ್ದೆ.

ಏನಾತಂದ್ರ... ನಿನ್ನಿ ಮುಂಜಾನೆ ಆಕಿ ಚಾರ್ಜರ್ ಉಲ್ಟಾ ಹಚ್ಚಿದ್ಲು. ಅಷ್ಟಽ. ಗಾಡಿ ಸತ್ತಿತು. ಕಲಿತಾಕಿ ಅಂತ ಹೆಸರು! ಹುಡುಗರಿಗೆ ವಿಜ್ಞಾನ ಬ್ಯಾರೆ ಹೇಳ್ತಾಳ. ಕೆಂಪು ಯಾವುದು, ಕರೇದು ಯಾವುದು ತಿಳೀದಾಕಿ ಏನ ವಿಜ್ಞಾನ ಹೇಳ್ತಾಳೋ, ಆ ಹುಡುಗರು ಏನ ಕಲೀತಾವೋ!

ಸಿದ್ಧಲಿಂಗ ಕೆಂಡ ಆಗ್ಯಾನ. ಮಗಂಗೂ ನನ್ನ ಸಿಟ್ಟಽ ಬಂದೈತಿ. "ಒಂದು ಗಾಡಿ ಸಂಬಾಳಸಾಕ ಬರೂದಿಲ್ಲ, ಸಾಲಿ ಏನ ಸಂಬಾಳಸ್ತಿ? ಇದು ನೀನಽ ಸುಟ್ಟಿದ್ದು ಅಂತ ಗೊತ್ತಾದ್ರ, ಸೋಮವಾರದಿಂದ ನೌಕರಿ ಬಂದ್, ಮನ್ಯಾಗ ಕೂಡು" ಅಂತ ಹೇಣ್ತಿಗೆ ಅಂದ. ಆಮ್ಯಾಲ ನನ್ನ ಕಡೆ ತಿರುಗಿ, "ಅಪ್ಪಾ, ಕಾಸೀಮ ಕಾಕಾಗ ತೋರಿಸ್ಕೊಂಡು ಬಾ. ಅಂವ ಏನಂತಾನ ಅದಽ ಖರೆ" ಅಂದ. ಕೇಳಿದಿ? ಹಡದ ಅಪ್ಪ ಎದರಿಗೆ ನಿಂತಾನ, ಖರೆ ಮಾತ್ರ ಕಾಸೀಮನ ಬಾಯಾಗ ಐತಿ!

ಅದಕ ನೀ ಹೆಚ್ಚಿಗೇನ ಮಾಡಬ್ಯಾಡ. ನೋಡಿದಂಗ ಮಾಡಿ ಒಂದು ಚೀಟಿ ಬರದಕೊಡು, ಚಾರ್ಜರ್ ಉಲ್ಟಾ ಹಚ್ಚಿದ್ದಕ್ಕ ಸುಟ್ಟೈತಿ ಅಂತ. ಸಂಜಿ ಮುಂದ ಅಂವಗ ತೋರಸ್ತೇನಿ, ಮುಗೀತು.

ಬರಿಯಲೇ... ಅಲ್ಲಾ, ಮೀಟರ್ ಯಾಕ ತಗದಿ?

ಆತು, ನೋಡು. ನೋಡೇ ನೋಡು. ನಮ್ಮ ಕಾಲದಾಗ ಒಂದು ಬಲ್ಬು, ಎರಡು ವಾಯರ್. ಹತ್ತಿದ್ರ ಚಲೋ, ಹತ್ತದಿದ್ರ ಕೆಟ್ಟೈತಿ. ಈ ಮೀಟರ್ ಹಿಡದಾವರೆಲ್ಲಾ ಡಾಕ್ಟರ್ ಆಗಿ ಬಿಟ್ರಿ! ...ಫ್ಯೂಜ್ ಹೋಗೈತಾ? ಹೋಗದ ಏನ ಮಾಡ್ತೈತಿ. ಬ್ಯಾಟರಿ? ಐವತ್ತೊಂದು ವೋಲ್ಟ್ ತೋರಸ್ತೈತಿ... ಅಂದ್ರ ಜೀವ ಐತಿ. ಹಾಂ, ಪುಣ್ಯಾ. ಈ ಡಬ್ಬಿ ಯಾವುದು? ಕಂಟ್ರೋಲರಾ? ಮೋಟರ್‌ಗೆ ಕರೆಂಟ್ ಬಿಡೂ ಡಬ್ಬಿ ಇದಽ ಏನು? ಹೆಸರು ನೋಡು ಅದರದು, ಸಾಹೇಬ ಇದ್ದಂಗ! ಮೀಟರಿನ ಕಡ್ಡಿ ಇಟ್ಟ ಕೂಡ್ಲೇ ಪಿಂ ಅಂತು... ಇಲ್ಲಿ ಇಟ್ರೂ ಪಿಂ... ಅಲ್ಲೂ ಪಿಂ. ಸುಮ್ಮನಿರಬೇಕಾದ ಕಡೆ ಚೀರಾಕತ್ತೈತಂದ್ರ ಒಳಗ ಪೂರಾ ಹೋಗೈತಿ, ಹೌದಲ್ಲ? ತಲಿ ಅಲ್ಲಾಡಸ್ತಿ... ಬಾಯಿ ಬಿಡೂದಿಲ್ಲ. ಮೊದಲ ಹಿಂಗ ಇರಲಿಲ್ಲಲೇ ನೀ, ದಿನಾಪೂರ್ತಿ ವಟಾ ವಟಾ ಅಂತಿದ್ದಿ.

ಚಕ್ರಾ ತಿರುವಿ ನೋಡ್ತಿಯಾ? ತಿರುಗತೈತಿ. ಮೋಟರ್‌ಗೆ ಏನೂ ಆಗಿಲ್ಲ. ಬ್ಯಾರೆ ಫ್ಯೂಜ್ ಹಾಕಿ, ನಿನ್ನ ಹಳೇ ಡಬ್ಬಿ ಸೀದಾ ಬ್ಯಾಟರಿಗೆ ಹಚ್ಚಿದಿ... ಹತ್ತಿತು! ದೀಪಾ ಹತ್ತಿತು! ಹಾರ್ನೂ ಆತು! ಹಂಗಾರ ಸುಟ್ಟಿದ್ದು ಆ ಫ್ಯೂಜು, ಆ ಒಂದು ಡಬ್ಬಿ ಅಷ್ಟಽ ಅಲ್ಲೇನು? ಬ್ಯಾರೆ ಹಾಕಿದ್ರ ಗಾಡಿ ಮೊದಲಿನಂಗ ಓಡತೈತಿ? ಹಾಂ, ಹಾಂ... ಅಯ್ಯ, ಇಷ್ಟಕ್ಕಽ ನಮ್ಮನಿಯಾಗ ಏನ ರಂಪ ಅಂತಿ.

ಬರಿ ಈಗ ಚೀಟಿ.

ಚಾರ್ಜರ್ ಯಾಕ? ತಂದೇನಿ, ಆ ಚೀಲದಾಗೈತಿ. ಏನ ಮಾಡ್ತಿ ಅದನ್ನ? ಚುಚ್ಚಿದಿ, ಹೋತು. ಸರಿ. ಈಗ ತಿರುವಿ ಚುಚ್ಚಾಕತ್ತಿ... ಹೋಗವಲ್ದು. ಜೋರಿಲೇ ಒತ್ತಲೇ, ಬೆಣ್ಣಿ ತಿಂದ ಕೈ ಏನು? ...ಹೋಗೂದಽ ಇಲ್ಲ? ಉಲ್ಟಾ ಹೋಗದಂಗ ಮಾಡ್ಯಾರ?

ಹಂ.

ಏನ ಹಂಗ ನೋಡ್ತಿ? ಚಾರ್ಜರ್ ಅಲ್ಲದಿದ್ರ ಮತ್ತೊಂದು. ನಾ ಏನ ಅಲ್ಲೇ ನಿಂತು ನೋಡೇನೇನು? ಒಳಗ ಕೈ ಹಾಕಿರಬೇಕು ಆಕಿ. ಕುಣಿಯಾಕ ಬರದಾಕಿ ನೆಲಾ ಡೊಂಕು ಅಂದ್ಲಂತ, ಹಂಗ. ಗಾಡಿ ಜರ್ಕ್ ಹೊಡೀತೈತಿ, ಜರ್ಕ್ ಹೊಡೀತೈತಿ ಅಂತ ಎಂಟ ದಿನದಿಂದ ಒಂದಽ ರಾಗ ಹಚ್ಚಿದ್ಲು. ಆ ವಾಯರಿನ ಟೇಪ್ ಯಾಕ ಬಿಚ್ಚತಿ? ಇರಲಿ ಬಿಡು... ಬಿಚ್ಚಬ್ಯಾಡ ಅಂದ್ನಲ್ಲ!

ಹೌದು, ಕಾಣಸ್ತೈತಿ ನನಗೂ. ಕಣ್ಣ ಹೋಗಿಲ್ಲ ನಂದು. ಕೆಂಪಿಗೆ ಕರೇದು ಕೂಡಿಸ್ಯಾರ, ಕರೇದಕ್ಕ ಕೆಂಪು. ಹುಚ್ಚಪ್ಯಾಲಿ ಕೆಲಸಾ! ಮೋಟರಿನ ಮೂರು ವಾಯರ್ ಬ್ಯಾರೆ ಹಿಂದ ಮುಂದ ಆಗ್ಯಾವು. ಅದರಿಂದನಽ ಚಕ್ರಾ ಹಿಂದಕ್ಕ ತಿರುಗಿರತೈತಿ. ಹಿಂದಕ್ಕ ತಿರುಗಿತಂತ ಮತ್ತ ಎರಡು ವಾಯರ್ ಅದಲಿ ಬದಲಿ ಮಾಡಾಕ ಹೋಗ್ಯಾರ, ಮೋಟರಿನವು ಬಿಟ್ಟು ಬ್ಯಾಟರೀವು ಕೈಗೆ ಸಿಕ್ಕಾವು. ತಲ್ಯಾಗ ಬುದ್ಧಿ ಇದ್ದಾವರು ಮಾಡೂ ಕೆಲಸಾ ಏನ್ಲೇ ಇದು? ಹೇಳು ನೀನಽ!

...ಯಾಕ? ಯಾಕ ಮೀಟರ್ ಕೆಳಗ ಇಟ್ಟಿ?

ಚಕ್ರಾ ಹಿಂದಕ್ಕ ತಿರುಗಿತಂತ ಯಾರ ಹೇಳಿದ್ರು ಅಂತೀಯಾ? ನೀ ಹೇಳಿದ್ಯಲ್ಲಾ ಈಗ... ಹೇಳಲಿಲ್ಲಾ? ಹೌದು, ನಾ ಬಂದಾಗಿಂದ ಈ ಮಾತಿನ ತನಕಾ ನೀ ಬಾಯಽ ತಗದಿಲ್ಲ.

ನಾನಽ ಅಂದ್ನಾ?

ನೋಡು ಕಾಸೀಮಾ, ಪಂಪು ಉಲ್ಟಾ ತಿರುಗಿದ್ರ ಏನ ಮಾಡಬೇಕು? ಯಾವುದರ ಎರಡು ವಾಯರ್ ಅದಲಿ ಬದಲಿ. ನಾನಽ ಕಲಿಸೇನಿ ನಿನಗ. ಮೂವತ್ತ ವರ್ಷದಾಗ ಒಂದು ದಿವಸ ತಪ್ಪಿಲ್ಲ ಆ ಮದ್ದು. ಯಾವ ಬಾವಿ, ಯಾವ ಹೊಲ, ಕೇಳು ಬೇಕಾದ್ರ! ಈ ಗಾಡಿಗೆ ಮಾತ್ರ ಯಾಕ ಹತ್ತಲಿಲ್ಲ? ದೋಷ ಗಾಡೀದು. ಹೌದಲ್ಲ? ಗಾಡೀದಽ ದೋಷ.

ನಗು. ನಗಲೇ, ಒಮ್ಮೆರ ನಗು! ಮೋಟರ್ ಮಾಸ್ತರಗ ಎರಡು ವಾಯರ್ ತಿಳೀಲಿಲ್ಲ ಅಂತ ಪ್ಯಾಟಿ ತುಂಬ ಡಂಗುರಾ ಹೊಡಿ.

ಆಕಿ ಅಂದ್ಲಲೇ ನನಗ. ಜರ್ಕ್ ನಾನಽ ನೋಡ್ತೇನಿ ಅಂದ್ರ, ಮೊನ್ನಿ ರೊಟ್ಟಿ ನೀಡಕೋತ ಅಂದ್ಲು. "ಇದು ನಿಮಗ ತಿಳಿಯೂದಿಲ್ಲ ಬಿಡ್ರಿ ಮಾವಾ, ಅಣ್ಣಿಗೇರಿ ಕಾಸೀಮ ಕಾಕಾಗ ತೋರಸ್ತೇನಿ." ಕೆಟ್ಟ ಮನಸಿಲೆ ಅಂದಿಲ್ಲ, ನನಗ ಗೊತ್ತು. ಆದ್ರ ಆ ರೊಟ್ಟಿ ಅಲ್ಲೇ ಬಿಟ್ಟು ಎದ್ದೆ. ನನ್ನ ಕೈಯಾಗ ಬೆಳದ ಹುಡುಗಗ ತಿಳೀತೈತಿ, ನನಗ ತಿಳಿಯೂದಿಲ್ಲಾ? ನಿನ್ನಿ ಮುಂಜಾನೆ ಆಕಿ ಮೈಮ್ಯಾಲ ನೀರ ಹಾಕ್ಕೊಳ್ಳಾಕ ಹೋದಾಗ ಗಾಡಿ ಬಿಚ್ಚಿದೆ. ಹತ್ತ ಮಿನಿಟಿನ ಕೆಲಸಾ, ರಿಪೇರಿ ಮಾಡಿ ಸುಮ್ಮ ಇಟ್ಟು, ಆಮ್ಯಾಲ ಹೇಳೂಣು ಅಂದ್ಕೊಂಡಿದ್ದೆ, "ಓಡಸಿ ನೋಡವಾ ಈಗ" ಅಂತ.

ಟಪ್ ಅಂತು. ಕಿಡಿ ಹಾರಿ ಈ ಬೆರಳು ಸುಟ್ಟಿತು... ನೋಡು, ಇನ್ನೂ ಬೊಬ್ಬಿ ಐತಿ.

ಫೋನ್ ಯಾಕ ಕೊಡಾಕತ್ತಿ? ಸಿದ್ಧಲಿಂಗಗ? ನಾ ಒಲ್ಲೆ. ನೀ ಹೇಳು. ತಾನಽ ಕೆಟ್ಟೈತಿ, ಕಂಪನೀದು ಮಾಲು ಚಲೋ ಇಲ್ಲ ಅಂತ ಹೇಳು. ನೀ ಅಂದದ್ದು ಖರೆ ಅಂತಾನ ಅಂವ. ಆಕಿ ನೌಕರೀನೂ ಉಳೀತೈತಿ, ನನ್ನ ಮರ್ಯಾದಿನೂ ಉಳೀತೈತಿ. ಒಂದು ಸುಳ್ಳು, ಕಾಸೀಮಾ. ನಾ ಕಲಿಸಿದ ವಿದ್ಯಾದ ಋಣಕ್ಕ ಒಂದು ಸುಳ್ಳು.

...ಹೇಳೂದಿಲ್ಲಾ.

ನೀನೂ ಆಕಿ ಹಂಗಽ ನೋಡಾಕತ್ತಿ. ಹಿಂಗಽ ನೋಡಿದ್ಲು ನನ್ನ, ಮುಲಾಮು ಹಚ್ಚುವಾಗ. ಟಪ್ ಅಂದ ಕೂಡ್ಲೇ ಹಸೀ ಕೂದಲದಾಗ ಓಡಿ ಬಂದ್ಲು, ಬಿಚ್ಚಿದ ಗಾಡಿ ನೋಡಿದ್ಲು, ನನ್ನ ಬೆರಳು ನೋಡಿದ್ಲು. ಒಳಗ ಹೋಗಿ ಮುಲಾಮು ತಂದ್ಲು. ಹಚ್ಚಾಕತ್ತಾಗನಽ ಸಿದ್ಧಲಿಂಗ ಬಂದ, ಗಾಡಿ ಯಾರ ಸುಟ್ರು ಅಂತ ಒದರಿದ. ನಾ ಇನ್ನೂ ಆಕಿ ಕೈಯಾಗ ಬೆರಳು ಕೊಟ್ಟು ಕುಂತಿದ್ದೆ... ಕುಂತಲ್ಲೇ ಅಂದೆ, ಇನ್ಯಾರು, ನಿನ್ನ ಹೇಣ್ತಿ ಅಂತ.

ಆಕಿ ನನ್ನ ಬೆರಳು ಬಿಡಲಿಲ್ಲಲೇ ಕಾಸೀಮಾ. ಪೂರಾ ಹಚ್ಚಿ ಮುಗಿಸೀನಽ ಎದ್ಲು.