ಹಸಿರು ಬಣ್ಣದ ಡಬ್ಬ

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಯಾರೋ ಅಕ್ಕ, ತಮ್ಮ ನಿಂತಿದ್ದರು. ಇಬ್ಬರ ಉಗುರಿನ ಸಂದಿಯಲ್ಲೂ ನೀಲಿ. ಬಟ್ಟೆಗೆ ಬಣ್ಣ ಹಾಕುವವರು. ತಮ್ಮನ ಕೈಯಲ್ಲಿ ಹಸಿರು ಪೇಂಟಿನ ಡಬ್ಬ.

"ಇದ್ಯಾಕೋ?"

"ನಮ್ಮ ಬಟ್ಟೆ ಕೊಳ್ಳೋ ಕಂಪನಿಯವರು ಸೋಮವಾರ ಬರ್ತಾರಲ್ಲಕ್ಕಾ, ಪರಿಸರಕ್ಕೆ ನಾವೇನು ಮಾಡ್ತಿದೀವಿ ಅಂತ ನೋಡೋಕೆ. ಹಿಂದೆ ಹೊಳೆಗೆ ಬಣ್ಣದ ನೀರು ಬಿಡೋ ಪೈಪಿಗೆ ಇದನ್ನ ಬಳಿದು, ಮುಂದೆ ನಾಲ್ಕು ಹೂಕುಂಡ ಇಟ್ರೆ ಕಾಣಲ್ಲ."

"ಹೊಳೆ ನೀಲಿಯಾಗಿರೋದು ಕಾಣುತ್ತಲ್ಲ, ಅದಕ್ಕೂ ಬಳೀತೀಯಾ?"

"ಕೊಳ್ಳೋರು ಅವರೊಬ್ರೇ. ಕೈ ಬಿಟ್ರೆ?"

"ಬಿಟ್ರೆ ಬಿಡ್ಲಿ. ಸಿಮೆಂಟ್ ತಗೋ, ಇವತ್ತೇ ಪೈಪ್ ಮುಚ್ಚೋಣ. ನೀರು ಶುದ್ಧ ಮಾಡೋ ತೊಟ್ಟಿ ಕಟ್ಟೋವರೆಗೆ ಬಣ್ಣದ ಕೆಲಸ ಬಂದ್. ಅವರಿಗೆ ನಾನೇ ಹೇಳ್ತೀನಿ."

"ಅಪ್ಪ ಹಾಕಿಸಿದ ಪೈಪಕ್ಕಾ ಅದು."

"ಅಪ್ಪ ನಮಗೆ ಈಜು ಕಲಿಸಿದ್ದೂ ಅದೇ ಹೊಳೇಲಿ. ಈಗ ನಿನ್ನ ಮಗಳನ್ನ ಇಳಿಸ್ತೀಯಾ?"

ತಮ್ಮ ಡಬ್ಬವನ್ನು ಎತ್ತಿದ ಜಾಗದಲ್ಲೇ ಇಟ್ಟು ಬಂದ.

"ಒಂದು ಚೀಲ ಸಿಮೆಂಟ್ ಕೊಡಿ," ಎಂದ ಅಂಗಡಿಯವನಿಗೆ. "ಬೇಗ ಗಟ್ಟಿಯಾಗೋದು ಕೊಡಿ. ಅಕ್ಕ ಮನಸ್ಸು ಬದಲಾಯಿಸಲ್ಲ, ನಾನು ಬದಲಾಯಿಸಿಬಿಟ್ಟೇನು."

ಇಬ್ಬರೂ ಚೀಲವನ್ನು ಆಚೀಚೆ ಹಿಡಿದು ಹೊರಟರು.