ಫಾರಂನಲ್ಲಿ ಬರೆಸಿದ ನಂಬರು

ಶಹಾಪುರ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಗುರುದೇವಿಯ ಪಕ್ಕದಲ್ಲೇ ಗುರುತಿಲ್ಲದ ಅಪ್ಪ ಮಗಳು ವಾದಕ್ಕಿಳಿದಿದ್ದರು.

“ಮೈಕ್ರೋಬಯಾಲಜಿ ಓದಿ ಲ್ಯಾಬಿನ್ಯಾಗ ಮಂದಿ ಕಫ ನೋಡೂದೇನವ್ವಾ? ಬಿಟ್ಟು ಬಿ.ಎಡ್ ಮಾಡು.”

“ಟಿ.ಬಿ. ಹುಳ ಹುಡುಕಾಕ ಯಾರರೆ ಬೇಕಲ್ಲಪ್ಪಾ.”

“ನಿನಗ ಹತ್ತಿದ್ರ ಲಗ್ನ ಹೆಂಗಾಗ್ತದ?”

“ನಂದಿರಲಿ. ನಿನ್ನೆ ನಮ್ಮ ಲ್ಯಾಬಿನ್ಯಾಗ ನೀಲಕಂಠ ಅನ್ನೋರ ಕಫದಾಗ ಆ ಹುಳ ಸಿಕ್ಕಾವ.”

“ಯಾವ ನೀಲಕಂಠ?”

“ಫಾರಂದಾಗ ಹೆಸರು ಸುಳ್ಳು ಬರಸೀದಿ, ಫೋನ್ ನಂಬರ್ ಮಾತ್ರ ನಿಂದೇ ಬರಸೀದಿ.”

ಗುರುದೇವಿ ತಿರುಗಿ ಅವರತ್ತ ನೋಡಿದಳು. ಅಪ್ಪ ದನಿ ತಗ್ಗಿಸಿದರು.

“ನಿನ್ನ ಲಗ್ನ ಆಗೂತನಕ ಯಾರಿಗೂ ಗೊತ್ತಾಗಬಾರದಂತ...”

“ಆರು ತಿಂಗಳ ಗುಳಿಗಿ ನುಂಗಿದ್ರ ಹೋಗ್ತದ. ಏಳು, ದವಾಖಾನಿಗೆ ಹೋಗೂಣು.”

ಅಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಮಗಳಿಂದ ದೂರ ಸರಿದರು.

“ಈಗ ಸರದ್ರ ಏನು ಬಂತಪ್ಪಾ? ಎಲ್ಲಾರೂ ಒಂದೇ ಖೋಲ್ಯಾಗ ಮಲಗೀವಿ. ನಡಿ, ನಂದೂ ಟೆಸ್ಟ್ ಆಗಬೇಕು.”

ಬಂದ ಬಸ್ಸನ್ನು ಬಿಟ್ಟು ಇಬ್ಬರೂ ನಡೆದರು.